ದಿನಚರಿ ಬರೆದ ಜಗದ್ಗುರು

ಪ್ರತಿ ವರ್ಷ ಕ್ರಿಸ್ತಜಯಂತಿ ಕಳೆದು ಹೊಸವರ್ಷ ಹತ್ತಿರವಾಗುತ್ತಿದ್ದಂತೆ ನಮ್ಮ ಮನೆಗಳಿಗೆ ಡೈರಿಗಳು ಬರುತ್ತವೆ. ಬ್ಯಾಂಕಿನವರು ಕೊಟ್ಟದ್ದು ಒಂದಾದರೆ, ಅಂಗಡಿಯವರು ಕೊಟ್ಟದ್ದು ಇನ್ನೊಂದು. ಜನವರಿಯ ಮೊದಲ ನಾಲ್ಕಾರು ಪುಟಗಳು ಬಹಳ ಉತ್ಸಾಹದಿಂದ ತುಂಬುತ್ತವೆ. ಮೂರು ರಾಯರ ಹಬ್ಬ ಮುಗಿಯುವಷ್ಟರಲ್ಲಿ ಆ ಉತ್ಸಾಹ ಇಳಿದು, ಮುಂದೆ ಅದೇ ಪುಸ್ತಕ ಹಾಲಿನ ಲೆಕ್ಕಕ್ಕೋ ಮಕ್ಕಳ ಚಿತ್ರ ಬಿಡಿಸುವ ಆಟಕ್ಕೋ ಒದಗುತ್ತದೆ. ಇದು ನಮ್ಮಲ್ಲಿ ಬಹುತೇಕರ ಅನುಭವ.

ಹದಿನಾಲ್ಕರ ಆಸುಪಾಸಿನಲ್ಲಿ ಇಂತಹ ಒಂದು ಪುಸ್ತಕವನ್ನು ತೆರೆದು, ಎಂಬತ್ತು ದಾಟುವವರೆಗೂ ಅದನ್ನು ಕೈಬಿಡದೆ ನಡೆಸಿಕೊಂಡು ಬಂದ ಒಬ್ಬ ಮಹಾನುಭಾವರಿದ್ದರು. ರೈತನ ಮಗನಾಗಿ ಹುಟ್ಟಿ, ಗುರುವಾಗಿ, ಧರ್ಮಾಧ್ಯಕ್ಷರಾಗಿ, ಕೊನೆಗೆ ಸಂತ ಪೇತ್ರರ ಪೀಠವನ್ನೇರಿದ ಅವರೇ ಸಂತ 23ನೆಯ ಜಾನ್. ಎರಡನೆಯ ವ್ಯಾಟಿಕನ್ ಮಹಾಸಭೆಯನ್ನು ಕರೆದ ಜಗದ್ಗುರುಗಳೆಂದು ಅವರನ್ನು ಎಲ್ಲರೂ ಬಲ್ಲರು. ನಗುಮೊಗದ ಆ ವೃದ್ಧರು ರಾತ್ರಿಯ ದೀಪದ ಬೆಳಕಿನಲ್ಲಿ ತಮ್ಮ ಆತ್ಮದ ಲೆಕ್ಕವನ್ನು ಬರೆಯುತ್ತಾ ಕುಳಿತಿದ್ದ ಸಂಗತಿ ಅಷ್ಟಾಗಿ ಪರಿಚಿತವಲ್ಲ. ಅವರ ಬಾಳಿನ ಕಥೆಯನ್ನು ಆ ದಿನಚರಿಯ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಬಡ ರೈತನ ಮನೆಯ ಮಗ

ಉತ್ತರ ಇಟಲಿಯ ಬೆರ್ಗಾಮೊ ಪಟ್ಟಣದ ಸಮೀಪ ಸೊತ್ತೊ ಇಲ್ ಮೊಂತೆ ಎಂಬ ಹಳ್ಳಿಯಿದೆ. ಬೆಟ್ಟದ ಕೆಳಗಿನ ಊರು ಎಂಬುದೇ ಆ ಹೆಸರಿನ ಅರ್ಥ. ಅಲ್ಲಿ 1881ರ ನವೆಂಬರ್ 25ರಂದು ಜಿಯೊವಾನ್ನಿ ಬತ್ತಿಸ್ತಾ ರೊಂಕಾಲ್ಲಿ ಮತ್ತು ಮರಿಯಾನ್ನಾ ದಂಪತಿಗೆ ನಾಲ್ಕನೆಯ ಮಗುವಾಗಿ ಆಂಜೆಲೊ ಜುಸೆಪ್ಪೆ ಜನಿಸಿದನು. ಗಂಡುಮಕ್ಕಳಲ್ಲಿ ಅವನೇ ಹಿರಿಯ. ಹುಟ್ಟಿದ ದಿನವೇ ಊರಿನ ಧರ್ಮಕೇಂದ್ರದ ಗುರು ಫ್ರಾಂಚೆಸ್ಕೊ ರೆಬುಜ್ಜೀನಿಯವರು ಮಗುವಿಗೆ ಜ್ಞಾನಸ್ನಾನ ನೀಡಿದರು. ತಂದೆಯ ಚಿಕ್ಕಪ್ಪ ಜಾವೇರಿಯೊ ಜ್ಞಾನಪಿತೃವಾಗಿ ನಿಂತರು.

ರೊಂಕಾಲ್ಲಿಯವರದು ಗೇಣಿ ಒಕ್ಕಲುತನದ ದೊಡ್ಡ ಅವಿಭಕ್ತ ಕುಟುಂಬ. ದುಡಿದು ಬೆಳೆದುದರಲ್ಲಿ ಅರ್ಧ ಜಮೀನಿನ ಒಡೆಯರಿಗೆ ಸಲ್ಲಬೇಕಿತ್ತು. ಮನೆಯಲ್ಲಿ ಉಣ್ಣುವ ಬಾಯಿಗಳು ಬಹಳ; ಜೋಳದ ಹಿಟ್ಟಿನ ಗಂಜಿಮುದ್ದೆಯೇ ನಿತ್ಯದ ಊಟ. ಆದರೆ ಸಂಜೆಯಾದರೆ ಆ ಮನೆಯಲ್ಲಿ ಜಪಮಾಲೆ ತಪ್ಪುತ್ತಿರಲಿಲ್ಲ. ಅವಿವಾಹಿತರಾಗಿಯೇ ಉಳಿದ ಹಿರಿಯ ಜಾವೇರಿಯೊ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಪ್ರಾರ್ಥನೆ ಕಲಿಸುತ್ತಿದ್ದರು. ಈ ಬಡತನವನ್ನೂ ಈ ಭಕ್ತಿಯನ್ನೂ ಆಂಜೆಲೊ ಜೀವಮಾನವಿಡೀ ಮರೆಯಲಿಲ್ಲ.

1892ರಲ್ಲಿ ಹನ್ನೊಂದರ ಹರೆಯಕ್ಕೆ ಕಾಲಿಡುತ್ತಿದ್ದ ಬಾಲಕ ಬೆರ್ಗಾಮೊದ ಕಿರಿಯ ಗುರುಮಠವನ್ನು ಸೇರಿದನು. ಅಲ್ಲಿ 1895ರಲ್ಲಿ, ಆತ್ಮಿಕ ನಿರ್ದೇಶಕರ ಮಾರ್ಗದರ್ಶನದಂತೆ, ಒಂದು ನೋಟುಪುಸ್ತಕದಲ್ಲಿ ಕೆಲವು ಸಣ್ಣ ನಿಯಮಗಳನ್ನು ತನ್ನ ಕೈಯಾರೆ ಬರೆದುಕೊಂಡನು. ಬೆಳಿಗ್ಗೆ ಎದ್ದೊಡನೆ ಕನಿಷ್ಠ ಕಾಲು ಗಂಟೆ ಧ್ಯಾನ, ಪ್ರತಿದಿನ ಬಲಿಪೂಜೆ, ಸ್ವಲ್ಪ ಹೊತ್ತು ಆತ್ಮಿಕ ವಾಚನ, ಪರಮಪ್ರಸಾದದ ಸಂದರ್ಶನ, ಜಪಮಾಲೆ, ಮಲಗುವ ಮುನ್ನ ಆತ್ಮಶೋಧನೆ. ಇವುಗಳಲ್ಲಿ ಹೊಸತೇನೂ ಇಲ್ಲ. ಅಂದಿನ ಗುರುಮಠಗಳ ಎಷ್ಟೋ ವಿದ್ಯಾರ್ಥಿಗಳು ಇಂತಹ ನಿಯಮಗಳನ್ನು ನಕಲು ಮಾಡಿಕೊಂಡಿದ್ದರು. ಆದರೆ ಆಂಜೆಲೊ ಆ ಪುಸ್ತಕವನ್ನು ಕಳೆದುಕೊಳ್ಳಲಿಲ್ಲ. ಊರಿಂದೂರಿಗೆ, ದೇಶದಿಂದ ದೇಶಕ್ಕೆ ಅವನೊಡನೆ ಅದೂ ಸಾಗಿತು. ಪೋಪ್ ಪದವಿಗೆ ಏರಿದ ಮೇಲೂ ಆ ಬಾಲ್ಯದ ನಿಯಮಗಳೇ ಅವರ ದಿನದ ಚೌಕಟ್ಟಾಗಿ ಉಳಿದವು.

ತಾಯಿಯ ಕಣ್ಣೀರು ದಾಖಲಾದ ಪುಟ

ಆ ಎಳೆಯ ವಯಸ್ಸಿನ ಪುಟಗಳನ್ನು ತೆರೆದರೆ ಮಹಾನ್ ದರ್ಶನಗಳಾಗಲಿ ಪವಾಡಗಳಾಗಲಿ ಕಾಣುವುದಿಲ್ಲ. ಧ್ಯಾನದ ವೇಳೆ ತೂಕಡಿಸಿದ್ದು, ಮಾತು ಅತಿಯಾದದ್ದು, ಎಲ್ಲವನ್ನೂ ಬಲ್ಲವನಂತೆ ವಾದಿಸಿದ್ದು, ಸ್ವಾಭಿಮಾನಕ್ಕೆ ಪೆಟ್ಟು ಬಿದ್ದಾಗ ಒಳಗೊಳಗೇ ಕುದಿದದ್ದು, ಇವೇ ಅಲ್ಲಿನ ವಿಷಯ. ಓದುವವರಿಗೆ ಇವೆಲ್ಲ ತೀರ ಸಣ್ಣ ತಪ್ಪುಗಳೆಂದು ತೋರಬಹುದು. ಬರೆದ ಬಾಲಕನಿಗೆ ಅವು ಸಣ್ಣವಾಗಿ ತೋರಲಿಲ್ಲ.

1898ರ ಬೇಸಿಗೆಯ ರಜೆಯಲ್ಲಿ ಹದಿನಾರರ ಆಂಜೆಲೊ ಮನೆಗೆ ಬಂದಿದ್ದನು. ಗುರುಮಠದ ಶಿಸ್ತಿಗೆ ಒಗ್ಗಿದ ಹುಡುಗನಿಗೆ ತುಂಬಿದ ಮನೆಯ ಗದ್ದಲ, ಬಡತನದ ಗೊಣಗಾಟ, ಹಿರಿಯರ ನಡುವಿನ ಕಿರಿಕಿರಿ ಸಹಿಸಲು ಕಷ್ಟವಾಯಿತು. ಒಂದು ದಿನ ತಾಯಿ ಯಾವುದೋ ವಿಷಯವನ್ನು ಕುತೂಹಲದಿಂದ ಕೇಳಿದಾಗ ಆತ ಒರಟಾಗಿ ಉತ್ತರಿಸಿದನು. ತಾಯಿಯ ಮನಸ್ಸು ನೊಂದಿತು. ಆಕೆಯೂ ಕಠಿಣವಾಗಿ ನುಡಿದಳು. ಆ ರಾತ್ರಿ ಮಗ ಈ ಪ್ರಸಂಗವನ್ನು ಪುಸ್ತಕದಲ್ಲಿ ಬರೆದನು. ತನ್ನ ಮಾತು ಇನ್ನಷ್ಟು ಮೃದುವಾಗಿರಬಹುದಿತ್ತೆಂಬ ಒಪ್ಪಿಗೆಯೂ, ತಾಯಿಯ ದುಃಖ ಕಂಡು ತನಗಾದ ಸಂಕಟವೂ ಆ ಪುಟದಲ್ಲಿವೆ.

ನಮ್ಮ ಮನೆಗಳಲ್ಲಿ ದಿನನಿತ್ಯ ನಡೆಯುವ ಘಟನೆಯಿದು. ಮಗ ಸಿಡುಕುತ್ತಾನೆ, ತಾಯಿ ಅಳುತ್ತಾಳೆ, ಮರುದಿನ ಎಲ್ಲವೂ ಮರೆತುಹೋಗುತ್ತದೆ. ಮರೆತದ್ದು ಮತ್ತೆ ಮರುಕಳಿಸುತ್ತದೆ. ಬರೆದಿಟ್ಟದ್ದನ್ನು ಅಷ್ಟು ಸುಲಭವಾಗಿ ಮರೆಯಲಾಗದು. ದಿನಚರಿಯು ಆಂಜೆಲೊನಿಗೆ ಮಾಡಿದ ಮೊದಲ ಉಪಕಾರ ಇದೇ ಎನ್ನಬಹುದು. ತಾಯಿಯ ಮಾತಿಗಿಂತ ಮೊದಲು ತನ್ನ ಮಾತನ್ನು ತೂಗಿ ನೋಡುವಂತೆ ಅದು ಅವನನ್ನು ಒತ್ತಾಯಿಸಿತು.

ಅದೇ ವರ್ಷದ ಸೆಪ್ಟೆಂಬರ್ 25ರಂದು, ಅವನಿಗೆ ಜ್ಞಾನಸ್ನಾನ ನೀಡಿ, ಮೊದಲ ಪಾಠ ಹೇಳಿಕೊಟ್ಟು ಗುರುಜೀವನದ ಹಾದಿ ತೋರಿದ್ದ ಫಾದರ್ ರೆಬುಜ್ಜೀನಿ ಹಠಾತ್ತನೆ ತೀರಿಕೊಂಡರು. ತಂದೆಯನ್ನು ಕಳೆದುಕೊಂಡ ಅನಾಥನ ದುಃಖ ಆ ದಿನಗಳ ಪುಟಗಳಲ್ಲಿದೆ. ಅವರ ನೆನಪಿಗಾಗಿ ಆಂಜೆಲೊನಿಗೆ ದೊರೆತದ್ದು ಅವರು ನಿತ್ಯ ಓದುತ್ತಿದ್ದ ಕ್ರಿಸ್ತಾನುಕರಣ ಗ್ರಂಥದ ಪ್ರತಿ. ಅದನ್ನು ಅವನು ಅಮೂಲ್ಯ ನಿಧಿಯಂತೆ ಕಾಪಾಡಿಕೊಂಡನು.

ಸಂತರ ಅಚ್ಚು, ಸಂತರ ಸತ್ವ

1901ರಲ್ಲಿ ವಿದ್ಯಾರ್ಥಿವೇತನದ ನೆರವಿನಿಂದ ಆಂಜೆಲೊ ರೋಮ್ ನಗರದ ಗುರುಮಠಕ್ಕೆ ತೆರಳಿದನು. ಅದೇ ವರ್ಷದ ಕೊನೆಯಲ್ಲಿ ಕಡ್ಡಾಯ ಸೈನಿಕ ಸೇವೆಯ ಕರೆ ಬಂದು, ಒಂದು ವರ್ಷ ಬೆರ್ಗಾಮೊದ ಪಾಳೆಯದಲ್ಲಿ ಕಳೆಯಬೇಕಾಯಿತು. ಇಸ್ರಯೇಲರ ಬ್ಯಾಬಿಲೋನಿನ ಸೆರೆವಾಸಕ್ಕೆ ಆ ವರ್ಷವನ್ನು ಅವನು ಹೋಲಿಸಿಕೊಂಡಿದ್ದಾನೆ.

ರೋಮಿಗೆ ಮರಳಿದ ಮೇಲೆ, 1903ರ ಜನವರಿಯಲ್ಲಿ, ಅವನ ಆತ್ಮಿಕ ಬಾಳಿನಲ್ಲಿ ಒಂದು ತಿರುವು ಬಂದಿತು. ಅಲ್ಲಿಯವರೆಗೆ ಅವನು ಸಂತ ಅಲೋಶಿಯಸ್ ಗೊನ್ಜಾಗರಂತಹ ಮಹಾತ್ಮರ ಚರಿತ್ರೆಗಳನ್ನು ಓದಿ, ಅವರು ಮಾಡಿದ್ದನ್ನೆಲ್ಲ ಹಾಗೆಯೇ ಮಾಡಲು ಹೆಣಗುತ್ತಿದ್ದನು. ಪ್ರತಿ ಸಂಜೆ ಲೆಕ್ಕ ಹಾಕಿದಾಗ ತಾನು ಆ ಮಾದರಿಗೆ ತುಂಬ ದೂರವೆಂದು ಕಂಡು ತಳಮಳಗೊಳ್ಳುತ್ತಿದ್ದನು. ತನ್ನ ವರ್ಷಗಳ ಬರೆಹವನ್ನು ಪರಿಶೀಲಿಸಿದಾಗ ಆ ಮಾರ್ಗವೇ ತಪ್ಪೆಂದು ಅವನಿಗೆ ಹೊಳೆಯಿತು. ಸಂತರ ಸದ್ಗುಣಗಳ ಸತ್ವವನ್ನು ಹೀರಿಕೊಂಡು, ಅದನ್ನು ತನ್ನ ಸ್ವಭಾವಕ್ಕೂ ಪರಿಸ್ಥಿತಿಗೂ ಒಪ್ಪುವಂತೆ ಬೆಳೆಸಿಕೊಳ್ಳಬೇಕು. ಎಷ್ಟೇ ಒಳ್ಳೆಯ ಮಾದರಿಯಾದರೂ ಅದರ ಒಣ ಅಚ್ಚಾಗುವುದು ದೇವರ ಇಚ್ಛೆಯಲ್ಲ ಎಂದು ಅವನು ಬರೆದುಕೊಂಡನು. ಅಲೋಶಿಯಸರು ತನ್ನ ಸ್ಥಾನದಲ್ಲಿದ್ದರೆ ಬೇರೊಂದು ರೀತಿಯಲ್ಲಿಯೇ ಸಂತರಾಗುತ್ತಿದ್ದರೆಂಬುದು ಅವನಿಗೆ ಮನವರಿಕೆಯಾಯಿತು.

ಇಪ್ಪತ್ತೊಂದರ ಯುವಕನಿಗೆ ಈ ಅರಿವು ಎಲ್ಲಿಂದ ಬಂದಿತು? ಎಂಟು ವರ್ಷ ತನ್ನನ್ನು ತಾನು ಪ್ರಾಮಾಣಿಕವಾಗಿ ನೋಡಿಕೊಂಡು ಬರೆದುದರ ಫಲವದು. ತಾನು ಯಾರೆಂದು ತಿಳಿಯದವನು ಇನ್ನೊಬ್ಬರ ವೇಷ ಹಾಕುತ್ತಾನೆ. ತನ್ನ ಸ್ವಭಾವವನ್ನು ಪುಟಪುಟಗಳಲ್ಲಿ ಕಂಡವನು ಅದೇ ಸ್ವಭಾವವನ್ನು ದೇವರಿಗೆ ಅರ್ಪಿಸಬಲ್ಲನು. ಮಾತು, ನಗು, ಜನರ ಸಹವಾಸದ ಪ್ರೀತಿ ಇವೆಲ್ಲ ರೊಂಕಾಲ್ಲಿಯ ಹುಟ್ಟುಗುಣಗಳು. ಅವನ್ನು ಅವನು ಹೊಸಕಿ ಹಾಕಲಿಲ್ಲ. ಕೃಪೆಯ ಕೈಗೆ ಕೊಟ್ಟನು.

1904ರ ಆಗಸ್ಟ್ 10ರಂದು ರೋಮ್ ನಗರದ ಸಾಂತಾ ಮರಿಯಾ ಇನ್ ಮೊಂತೆ ಸಾಂತೊ ದೇವಾಲಯದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಮರುದಿನ ಸಂತ ಪೇತ್ರರ ಸಮಾಧಿಯ ಬಳಿ ಪ್ರಥಮ ಬಲಿಪೂಜೆಯನ್ನರ್ಪಿಸಿ, ಅಂದಿನ ಪೋಪ್ 10ನೆಯ ಪಿಯುಸರ ಆಶೀರ್ವಾದ ಪಡೆದರು. 1905ರಿಂದ ಸುಮಾರು ಒಂಬತ್ತು ವರ್ಷ ಬೆರ್ಗಾಮೊದ ಧರ್ಮಾಧ್ಯಕ್ಷ ಜಾಕೊಮೊ ರಾದೀನಿ ತೆದೆಸ್ಕಿಯವರ ಕಾರ್ಯದರ್ಶಿಯಾಗಿದ್ದರು. 1909ರಲ್ಲಿ ರಾನಿಕಾ ಎಂಬಲ್ಲಿ ನೂಲಿನ ಗಿರಣಿಯ ಕಾರ್ಮಿಕರು ಮುಷ್ಕರ ಹೂಡಿದಾಗ ಆ ಧರ್ಮಾಧ್ಯಕ್ಷರು ಬಹಿರಂಗವಾಗಿ ಕಾರ್ಮಿಕರ ಪರ ನಿಂತರು. ಬಡವರ ಜೊತೆ ನಿಲ್ಲುವುದು ಹೇಗೆಂಬುದನ್ನು ಯುವ ಗುರು ಅವರಿಂದ ಕಲಿತರು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕ ಆಸ್ಪತ್ರೆಗಳಲ್ಲಿ ಸಾರ್ಜೆಂಟರಾಗಿ, ಬಳಿಕ ಸೈನಿಕರ ಗುರುವಾಗಿ ಸೇವೆ ಸಲ್ಲಿಸಿದರು.

ಬಲ್ಗೇರಿಯದ ಹತ್ತು ವರ್ಷ

ದಿನಚರಿಯ ನಿಜವಾದ ಬೆಲೆ ತಿಳಿದದ್ದು 1925ರ ಬಳಿಕ. ಆ ವರ್ಷ ಅವರನ್ನು ಮಹಾಧರ್ಮಾಧ್ಯಕ್ಷರನ್ನಾಗಿ ಅಭಿಷೇಕಿಸಿ, ಪೋಪರ ಸಂದರ್ಶಕರಾಗಿ ಬಲ್ಗೇರಿಯಕ್ಕೆ ಕಳುಹಿಸಲಾಯಿತು. ವಿಧೇಯತೆ ಮತ್ತು ಶಾಂತಿ ಎಂಬುದನ್ನು ಅವರು ತಮ್ಮ ಧ್ಯೇಯವಾಕ್ಯವನ್ನಾಗಿ ಆರಿಸಿಕೊಂಡರು. ಆರ್ಥಡಾಕ್ಸ್ ಕ್ರೈಸ್ತರೇ ಬಹುಸಂಖ್ಯಾತರಾಗಿದ್ದ ಆ ದೇಶದಲ್ಲಿ ಕಥೋಲಿಕರು ಬೆರಳೆಣಿಕೆಯ ಸಮುದಾಯ. ಗುಡ್ಡಗಾಡಿನ ಹಳ್ಳಿಗಳಿಗೆ ಹೇಸರಗತ್ತೆಯ ಮೇಲೆ, ಗಾಡಿಗಳಲ್ಲಿ ಪ್ರಯಾಣಿಸಿ ಅವರನ್ನು ಕಾಣಬೇಕಿತ್ತು. 1928ರ ಭೂಕಂಪದಲ್ಲಿ ಮನೆ ಕಳೆದುಕೊಂಡವರ ನಡುವೆ, ಯಾವ ಪಂಥವೆಂದು ಕೇಳದೆ, ಅವರು ಪರಿಹಾರ ಕಾರ್ಯಕ್ಕಿಳಿದರು.

ಕೆಲಸದ ಕಷ್ಟ ಅವರನ್ನು ಕುಗ್ಗಿಸಲಿಲ್ಲ. ಕುಗ್ಗಿಸಿದ್ದು ಬೇರೊಂದು. ಅವರು ಕಳುಹಿಸುತ್ತಿದ್ದ ವರದಿಗಳಿಗೆ ಉತ್ತರ ಬರುವುದು ತಡವಾಗುತ್ತಿತ್ತು. ಕೇಳಿಕೊಂಡ ಯೋಜನೆಗಳು ಮುಂದೆ ಸಾಗುತ್ತಿರಲಿಲ್ಲ. ತಾತ್ಕಾಲಿಕವೆಂದು ತೋರಿದ್ದ ನೇಮಕ ಹತ್ತು ವರ್ಷಗಳವರೆಗೆ ಎಳೆಯಿತು. 1926ರ ಧ್ಯಾನಕೂಟದ ಟಿಪ್ಪಣಿಗಳಲ್ಲಿ ಅವರು ಇದನ್ನು ಮುಚ್ಚಿಡದೆ ಬರೆದಿದ್ದಾರೆ. ತಮಗೆ ಬರುತ್ತಿರುವ ಪರೀಕ್ಷೆಗಳು ಬಲ್ಗೇರಿಯದ ಜನರಿಂದ ಬರುತ್ತಿಲ್ಲ, ಧರ್ಮಸಭೆಯ ಕೇಂದ್ರ ಕಚೇರಿಗಳಿಂದಲೇ ಬರುತ್ತಿವೆ. ತಾವು ನಿರೀಕ್ಷಿಸದಿದ್ದ ಈ ನೋವು ತಮ್ಮನ್ನು ಬಹಳವಾಗಿ ಬಾಧಿಸುತ್ತಿದೆ ಎಂಬುದು ಅದರ ಸಾರಾಂಶ.

ಇಂತಹ ನೋವನ್ನು ನಾವು ಏನು ಮಾಡುತ್ತೇವೆ? ಸಾಮಾನ್ಯವಾಗಿ ನಾಲ್ಕು ಜನರ ಮುಂದೆ ತೋಡಿಕೊಳ್ಳುತ್ತೇವೆ. ಅವರು ಇನ್ನು ನಾಲ್ವರಿಗೆ ಹೇಳುತ್ತಾರೆ. ಕೊನೆಗೆ ಮೂಲದ ನೋವಿಗಿಂತ ಅದರ ಸುತ್ತ ಬೆಳೆದ ಕಹಿಯೇ ದೊಡ್ಡದಾಗುತ್ತದೆ. ರೊಂಕಾಲ್ಲಿಯವರು ತಮ್ಮ ಕಹಿಯನ್ನು ಪುಸ್ತಕದ ಮುಂದೆ, ಅಂದರೆ ದೇವರ ಮುಂದೆ, ತೋಡಿಕೊಂಡರು. ತಮಗೆ ಅನ್ಯಾಯವಾಗಿದೆಯೆಂದು ಬರೆದ ಮರುಸಾಲಿನಲ್ಲಿಯೇ ಅದನ್ನು ಸಹಿಸುವ ಸೌಮ್ಯತೆ ತಮ್ಮಲ್ಲಿ ಇನ್ನೂ ಸಾಲದೆಂದು ತಮ್ಮತ್ತ ಬೆರಳು ತಿರುಗಿಸಿಕೊಂಡರು. ದೂರು ಹೀಗೆ ಪ್ರಾರ್ಥನೆಯಾಯಿತು. ಹತ್ತು ವರ್ಷಗಳ ಉಪೇಕ್ಷೆಯಿಂದ ಹೊರಬಂದವರು ಕಹಿಮನಸ್ಸಿನ ಅಧಿಕಾರಿಯಾಗಿರದೆ ಹೃದಯ ಹಣ್ಣಾದ ಕುರುಬರಾಗಿದ್ದರು.

1934ರ ಕೊನೆಯಲ್ಲಿ ಸೋಫಿಯಾ ನಗರವನ್ನು ಬಿಡುವಾಗ ಅವರು ಜನರಿಗೆ ಒಂದು ಮಾತು ಕೊಟ್ಟರು. ಮುಂದೆ ತಾವು ಜಗತ್ತಿನ ಯಾವ ಮೂಲೆಯಲ್ಲಿದ್ದರೂ, ಯಾವನೇ ಬಲ್ಗೇರಿಯದವನು ಕಷ್ಟಕಾಲದಲ್ಲಿ ತಮ್ಮ ಮನೆಯ ಮುಂದೆ ಹಾದುಹೋದರೆ ಕಿಟಕಿಯಲ್ಲಿ ಉರಿಯುವ ದೀಪವನ್ನು ಕಾಣುವನು. ಅವನು ಕಥೋಲಿಕನೋ ಆರ್ಥಡಾಕ್ಸನೋ ಎಂದು ಕೇಳದೆ ಬಾಗಿಲು ತೆರೆಯಲಾಗುವುದು ಎಂದರು.

ಬಾಸ್ಫರಸ್ ತೀರದ ದೀಪಗಳು

1935ರಲ್ಲಿ ಅವರು ಪೋಪರ ಪ್ರತಿನಿಧಿಯಾಗಿ ಇಸ್ತಾಂಬುಲಿಗೆ ಬಂದರು. ತುರ್ಕಿ ಮತ್ತು ಗ್ರೀಸ್ ದೇಶಗಳೆರಡರ ಹೊಣೆ ಅವರದಾಗಿತ್ತು. ತುರ್ಕಿಯಲ್ಲಿ ಆಗ ಹೊಸ ಸರಕಾರ ಧಾರ್ಮಿಕ ಉಡುಪನ್ನು ಸಾರ್ವಜನಿಕವಾಗಿ ಧರಿಸುವುದನ್ನು ನಿಷೇಧಿಸಿತು. ಅವರು ಗೊಣಗದೆ ಸಾಮಾನ್ಯ ಕೋಟು ಧರಿಸಿ ಓಡಾಡಿದರು. 1936ರಲ್ಲಿ ದೇವಾಲಯದಲ್ಲಿ ದೇವಸ್ತುತಿಯ ಪ್ರಾರ್ಥನೆಯನ್ನು ತುರ್ಕಿ ಭಾಷೆಯಲ್ಲಿ ಹೇಳಿಸಿದಾಗ ಕೆಲವು ಭಕ್ತರು ಅಸಮಾಧಾನಗೊಂಡು ಎದ್ದು ಹೋದರು. ಅದನ್ನೂ ಅವರು ಅಂದಿನ ದಿನಚರಿಯಲ್ಲಿ ಗುರುತಿಸಿ, ಜನರ ಭಾಷೆಯಲ್ಲಿ ದೇವರನ್ನು ಸ್ತುತಿಸಿದ ಸಂತೋಷವನ್ನು ದಾಖಲಿಸಿದ್ದಾರೆ. ಅವರು ಮುಂದೆ ಕರೆದ ಮಹಾಸಭೆಯು 1963ರ ಡಿಸೆಂಬರಿನಲ್ಲಿ ದೈವಾರಾಧನಾ ಸಂವಿಧಾನವನ್ನು ಅಂಗೀಕರಿಸಿದ ಮೇಲೆಯೇ ನಮ್ಮ ದೇವಾಲಯಗಳಲ್ಲಿ ಕನ್ನಡದ ಮತ್ತು ಕೊಂಕಣಿಯ ಬಲಿಪೂಜೆಗಳು ಆರಂಭವಾದುವು. ಆ ದೊಡ್ಡ ಬದಲಾವಣೆಯ ಒಂದು ಸಣ್ಣ ಬೀಜವನ್ನು ಈ ಪುಟದಲ್ಲಿ ಕಾಣಬಹುದು.

ಈ ಕಾಲದಲ್ಲಿ ಅವರು ಎರಡು ಬಗೆಯ ಬರೆಹಗಳನ್ನು ನಡೆಸುತ್ತಿದ್ದರು. ಒಂದು, ಧ್ಯಾನಕೂಟಗಳ ಸಮಯದಲ್ಲಿ ಬರೆಯುವ ಆತ್ಮಿಕ ಟಿಪ್ಪಣಿ. ಇನ್ನೊಂದು, ಪ್ರತಿದಿನದ ಡೈರಿ. ಅಂದು ಬಂದವರು ಯಾರು, ಯಾರಿಗೆ ಪತ್ರ ಬರೆದೆ, ಎಲ್ಲಿ ಬಲಿಪೂಜೆ ಅರ್ಪಿಸಿದೆ, ಮನಸ್ಸು ಹೇಗಿತ್ತು ಎಂಬ ನಾಲ್ಕಾರು ಸಾಲುಗಳು. ದಿನದ ಕೆಲಸಕಾರ್ಯ ಡೈರಿಯಲ್ಲಿ, ವರ್ಷದ ಆತ್ಮಶೋಧನೆ ಟಿಪ್ಪಣಿ ಪುಸ್ತಕದಲ್ಲಿ. ಒಂದು ಇನ್ನೊಂದಕ್ಕೆ ಆಧಾರವಾಗಿತ್ತು.

1939ರ ಫೆಬ್ರವರಿಯಲ್ಲಿ ಅವರ ತಾಯಿ ಮರಿಯಾನ್ನಾ ತೀರಿಕೊಂಡರು. ಹದಿನಾರರ ವಯಸ್ಸಿನಲ್ಲಿ ಯಾರ ಮನಸ್ಸನ್ನು ನೋಯಿಸಿದ್ದಕ್ಕಾಗಿ ಪುಸ್ತಕದ ಮುಂದೆ ಸಂಕಟಪಟ್ಟಿದ್ದರೋ ಆ ತಾಯಿಯ ಕೊನೆಯ ಗಳಿಗೆಯಲ್ಲಿ ಮಗ ದೂರದ ಇಸ್ತಾಂಬುಲಿನಲ್ಲಿದ್ದರು.

ಅದೇ ವರ್ಷ ಯುರೋಪಿನಲ್ಲಿ ಯುದ್ಧ ಭುಗಿಲೆದ್ದಿತು. ನವೆಂಬರಿನಲ್ಲಿ ಅವರು ಯೇಸುಸಭೆಯ ಗುರುಗಳ ನಿವಾಸದಲ್ಲಿ ಧ್ಯಾನಕೂಟದಲ್ಲಿದ್ದಾಗ, ಕೋಣೆಯ ಕಿಟಕಿಯಿಂದ ಪ್ರತಿ ರಾತ್ರಿ ಬಾಸ್ಫರಸ್ ಜಲಸಂಧಿಯಲ್ಲಿ ಮೀನುಗಾರರ ದೋಣಿಗಳ ದೀಪಗಳು ಕಾಣುತ್ತಿದ್ದವು. ಒಂದು ರಾತ್ರಿ ಧಾರಾಕಾರ ಮಳೆ ಸುರಿದರೂ ಆ ದೀಪಗಳು ಕದಲಲಿಲ್ಲ. ದುಡಿಮೆ ಬಿಡದ ಆ ಬೆಸ್ತರನ್ನು ಕಂಡು, ಮನುಷ್ಯರನ್ನು ಹಿಡಿಯುವ ಬೆಸ್ತರೆನಿಸಿಕೊಂಡ ತಮ್ಮಂತಹ ಗುರುಗಳು ತಮ್ಮ ತಮ್ಮ ದೋಣಿಯಲ್ಲಿ ದೀಪ ಹಚ್ಚಿ ಹಗಲಿರುಳು ದುಡಿಯಬೇಕಲ್ಲವೇ ಎಂದು ಅವರು ಬರೆದುಕೊಂಡರು.

ಆ ದೀಪ ಆರದಂತೆ ಅವರು ನೋಡಿಕೊಂಡರು. 1941ರಲ್ಲಿ ಆಕ್ರಮಿತ ಗ್ರೀಸ್ ದೇಶದಲ್ಲಿ ಜನರು ಹಸಿವಿನಿಂದ ಸಾಯತೊಡಗಿದಾಗ, ಅಲ್ಲಿಗೆ ಆಹಾರ ತಲುಪಿಸಲು ಶ್ರಮಿಸಿದರು. ನಾಜಿಗಳ ಕೈಯಿಂದ ಪಾರಾಗಲು ಇಸ್ತಾಂಬುಲಿನ ಮೂಲಕ ಹಾದುಹೋಗುತ್ತಿದ್ದ ಯೆಹೂದ್ಯರಿಗೆ ನೆರವಾದರು. ಪಾಲೆಸ್ತೀನಿಗೆ ವಲಸೆ ಹೋಗುವ ಪ್ರಮಾಣಪತ್ರಗಳನ್ನು ಬುಡಾಪೆಸ್ಟ್ ನಗರದಲ್ಲಿದ್ದ ಪೋಪರ ರಾಯಭಾರಿಗೆ ತಲುಪಿಸಿದರು. ಸ್ಲೊವಾಕಿಯಾ, ಬಲ್ಗೇರಿಯ, ಹಂಗೇರಿಗಳ ಯೆಹೂದ್ಯರ ಪರವಾಗಿ ಪತ್ರ ಬರೆದರು. ಈ ಕೆಲಸಗಳಿಂದ ಎಷ್ಟೋ ಜೀವಗಳು ಉಳಿದುವು.

ಪ್ಯಾರಿಸಿನಿಂದ ಪೇತ್ರರ ಪೀಠಕ್ಕೆ

1944ರ ಡಿಸೆಂಬರಿನಲ್ಲಿ ಫ್ರಾನ್ಸಿಗೆ ರಾಯಭಾರಿಯಾಗಿ ನೇಮಕವಾದ ತಂತಿ ಬಂದಾಗ ಅವರಿಗೆ ನಂಬಲಾಗಲಿಲ್ಲ. ಶತ್ರುಗಳೊಡನೆ ಸಹಕರಿಸಿದರೆಂಬ ಆರೋಪದ ಮೇಲೆ ಹಲವು ಧರ್ಮಾಧ್ಯಕ್ಷರನ್ನು ತೆಗೆದುಹಾಕಬೇಕೆಂದು ಅಲ್ಲಿನ ಹೊಸ ಸರಕಾರ ಪಟ್ಟು ಹಿಡಿದಿತ್ತು. ರೊಂಕಾಲ್ಲಿಯವರ ತಾಳ್ಮೆಯಿಂದಾಗಿ ಆ ಬಿಕ್ಕಟ್ಟು ಕೆಲವರ ನಿರ್ಗಮನದೊಂದಿಗೆ ಶಮನವಾಯಿತು. ಪ್ಯಾರಿಸಿನ ಗಣ್ಯರ ನಡುವೆ ಅವರ ಹಾಸ್ಯ, ಆತಿಥ್ಯ, ಮಾತುಗಾರಿಕೆ ಮನೆಮಾತಾದುವು. ದಿನಚರಿಯಲ್ಲಿ ಮಾತ್ರ ಹಳೆಯ ಅಪರಾಧಿ ಮತ್ತೆ ಕಟಕಟೆಯಲ್ಲಿ ನಿಂತಿದ್ದಾನೆ. ಮಾತು ಹೆಚ್ಚಾಗುತ್ತಿದೆ, ಮೌನ ಕಲಿಯಬೇಕು, ಸೌಜನ್ಯವಿರಲಿ ಆದರೆ ವಾಚಾಳಿತನ ಬೇಡ! ಗುರುಮಠದ ಹುಡುಗ ಬರೆದ ತಪ್ಪನ್ನೇ ಅರವತ್ತು ದಾಟಿದ ರಾಯಭಾರಿಯೂ ಬರೆಯುತ್ತಿದ್ದರು.

1953ರಲ್ಲಿ ಕಾರ್ಡಿನಲ್ ಆಗಿ, ವೆನಿಸ್ ನಗರದ ಮಹಾಪಿತೃವಾಗಿ ಬಂದಾಗ ಅವರಿಗೆ ಎಪ್ಪತ್ತೊಂದು. ಇದೇ ಕೊನೆಯ ನಿಲ್ದಾಣವೆಂದು ಭಾವಿಸಿ 1954ರಲ್ಲಿ ಮರಣಪತ್ರವನ್ನು ಬರೆದರು. ಬಡವನಾಗಿ ಹುಟ್ಟಿ ಬಡವನಾಗಿಯೇ ಸಾಯುವುದು ತಮ್ಮ ಭಾಗ್ಯವೆಂಬುದು ಅದರ ತಿರುಳು.

ದೇವರ ಯೋಜನೆ ಬೇರೆಯಾಗಿತ್ತು. 1958ರ ಅಕ್ಟೋಬರ್ 28ರಂದು ಅವರು ಜಗದ್ಗುರುಗಳಾಗಿ ಆಯ್ಕೆಯಾದರು. ವಯಸ್ಸು ಎಪ್ಪತ್ತಾರು. ಕೆಲವು ಕಾಲ ಪೀಠವನ್ನು ಕಾಯ್ದುಕೊಳ್ಳುವ ವೃದ್ಧರೆಂದೇ ಹಲವರು ಭಾವಿಸಿದ್ದರು. ಮೂರು ತಿಂಗಳು ತುಂಬುವ ಮೊದಲೇ, 1959ರ ಜನವರಿ 25ರಂದು, ಸಂತ ಪೌಲರ ಮಹಾದೇವಾಲಯದಲ್ಲಿ ಅವರು ವಿಶ್ವ ಮಹಾಸಭೆಯ ಘೋಷಣೆ ಮಾಡಿದರು. ಐದು ದಿನಗಳ ಹಿಂದೆ, ಜನವರಿ 20ರಂದು, ತಮ್ಮ ರಾಜ್ಯ ಕಾರ್ಯದರ್ಶಿ ಕಾರ್ಡಿನಲ್ ತಾರ್ದೀನಿಯವರೊಡನೆ ಮಾತನಾಡುತ್ತಿದ್ದಾಗ ಈ ವಿಚಾರ ಪ್ರಸ್ತಾಪಕ್ಕೆ ಬಂದುದನ್ನು ಅವರ ಟಿಪ್ಪಣಿಗಳು ತಿಳಿಸುತ್ತವೆ.

ಎಂಬತ್ತರ ಹತ್ತಿರದಲ್ಲಿ ಇಂತಹ ಧೈರ್ಯ ಎಲ್ಲಿಂದ ಬಂದಿತೆಂದು ಲೋಕ ಬೆರಗಾಯಿತು. ದಿನಚರಿ ಓದಿದವರಿಗೆ ಅಷ್ಟು ಬೆರಗಾಗದು. ತನ್ನ ಬಗ್ಗೆ ಭ್ರಮೆಗಳನ್ನೆಲ್ಲ ಕಳೆದುಕೊಂಡವನಿಗೆ ಕಾಪಾಡಿಕೊಳ್ಳಬೇಕಾದ ಪ್ರತಿಷ್ಠೆಯೆಂಬುದು ಉಳಿದಿರುವುದಿಲ್ಲ. ದೇವರ ಪ್ರೇರಣೆಯೆಂದು ತೋರಿದ್ದನ್ನು ಅವನು ಸರಳವಾಗಿ ಮಾಡಿಬಿಡುತ್ತಾನೆ. ಪೋಪ್ ಪದವಿಗಾಗಿ ತಾವು ಏನನ್ನೂ ಮಾಡಿರಲಿಲ್ಲವೆಂಬುದೇ ಅದನ್ನು ಹೊರಲು ತಮಗೆ ನೆಮ್ಮದಿ ಕೊಟ್ಟಿತೆಂದು ಅವರು 1962ರಲ್ಲಿ ಬರೆದಿದ್ದಾರೆ. 1961ರ ಟಿಪ್ಪಣಿಗಳಲ್ಲಿ ಇನ್ನೊಂದು ಮಾತಿದೆ. ಜಗತ್ತೆಲ್ಲ ತಮ್ಮನ್ನು ಪರಿಶುದ್ಧ ತಂದೆಯೆಂದು ಕರೆಯುತ್ತಿದೆ, ಆದುದರಿಂದ ಪರಿಶುದ್ಧನಾಗಲೇಬೇಕು, ಆದರೆ ಆ ಹೆಸರಿಗೂ ತಮಗೂ ಇನ್ನೂ ಬಹಳ ಅಂತರವಿದೆ ಎಂಬ ವಿನೀತ ಒಪ್ಪಿಗೆ ಅದು.

ಕೊನೆಯ ಪುಟಗಳು

1962ರ ಸೆಪ್ಟೆಂಬರಿನಲ್ಲಿ ಮಹಾಸಭೆಗೆ ಸಿದ್ಧರಾಗಲು ಅವರು ವ್ಯಾಟಿಕನ್ ತೋಟದ ಸಂತ ಯೊವಾನ್ನರ ಗೋಪುರದಲ್ಲಿ ಏಕಾಂತ ಧ್ಯಾನ ಕೈಗೊಂಡರು. ಅದೇ ತಿಂಗಳು ಅವರಿಗೆ ಹೊಟ್ಟೆಯ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಅಕ್ಟೋಬರ್ 11ರಂದು ಮಹಾಸಭೆಯನ್ನು ಉದ್ಘಾಟಿಸಿದರು. ಕ್ಯೂಬಾ ಬಿಕ್ಕಟ್ಟಿನಿಂದ ಲೋಕ ಅಣುಯುದ್ಧದ ಅಂಚಿಗೆ ಬಂದಾಗ ರೇಡಿಯೋ ಮೂಲಕ ಶಾಂತಿಗಾಗಿ ಮನವಿ ಮಾಡಿಕೊಂಡರು. 1963ರ ಏಪ್ರಿಲ್ 11ರಂದು ವಿಶ್ವಶಾಂತಿಯ ಕುರಿತ ಪರಿಪತ್ರವನ್ನು ನೀಡಿದರು. 1963ರ ಜೂನ್ 3ರಂದು, ಪವಿತ್ರಾತ್ಮರ ಹಬ್ಬದ ಮರುದಿನ, ಪ್ರಭುವಿನಲ್ಲಿ ನಿದ್ರಿಸಿದರು.

ಬಾಲ್ಯದಿಂದ ಜೋಪಾನ ಮಾಡಿದ್ದ ನೋಟುಪುಸ್ತಕಗಳನ್ನು ಅವರು ಕೊನೆಗಾಲದಲ್ಲಿ ತಮ್ಮ ಕಾರ್ಯದರ್ಶಿ ಲೊರಿಸ್ ಕಾಪೊವಿಲ್ಲಾರ ಕೈಗೊಪ್ಪಿಸಿ, ಮರಣಾನಂತರ ಪ್ರಕಟಿಸಲು ಒಪ್ಪಿಗೆ ನೀಡಿದ್ದರು. ಪೋಪರೊಬ್ಬರು ತಮ್ಮ ತೂಕಡಿಕೆ, ಸಿಡುಕು, ಅಹಂಕಾರಗಳ ಪಟ್ಟಿಯನ್ನು ಲೋಕದ ಕೈಗಿಡಲು ಒಪ್ಪುವುದು ಸಣ್ಣ ಸಂಗತಿಯಲ್ಲ. ಸುಟ್ಟುಬಿಡಬಹುದಿತ್ತು, ಚೆನ್ನಾಗಿರುವ ಪುಟಗಳನ್ನಷ್ಟೇ ಆರಿಸಿ ಉಳಿದವನ್ನು ಹರಿದುಹಾಕಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1964ರಲ್ಲಿ ಆ ಬರೆಹಗಳು ಆತ್ಮದ ದಿನಚರಿ ಎಂಬರ್ಥದ ಹೆಸರಿನಿಂದ ಇಟಲಿಯಲ್ಲಿ ಗ್ರಂಥವಾಗಿ ಹೊರಬಂದವು. ಬೇಗನೆ ಹಲವು ಭಾಷೆಗಳಿಗೆ ಅನುವಾದಗೊಂಡವು. ಪ್ರತಿದಿನದ ಡೈರಿಗಳೂ ಅನಂತರ ಹಲವು ಸಂಪುಟಗಳಲ್ಲಿ ಅಚ್ಚಾದವು. 2000ದ ಸೆಪ್ಟೆಂಬರ್ 3ರಂದು ಅವರನ್ನು ಪುನೀತರೆಂದೂ, 2014ರ ಏಪ್ರಿಲ್ 27ರಂದು ಸಂತರೆಂದೂ ಧರ್ಮಸಭೆ ಘೋಷಿಸಿತು. ಮಹಾಸಭೆ ಆರಂಭವಾದ ಅಕ್ಟೋಬರ್ 11 ಅವರ ಹಬ್ಬದ ದಿನ.

ನಮ್ಮ ಮನೆಗಳಿಗೆ ಒಂದು ಪಾಠ

ಅರುವತ್ತಕ್ಕೂ ಹೆಚ್ಚು ವರ್ಷ ಬರೆದರೂ ಅವರ ಕೆಲವು ತಪ್ಪುಗಳು ಕೊನೆಯವರೆಗೂ ಪಟ್ಟಿಯಿಂದ ಹೊರಹೋಗಲಿಲ್ಲ. ಹಾಗಾದರೆ ಬರೆದು ಏನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ಪ್ರಯೋಜನವಿಷ್ಟೇ: ತಪ್ಪನ್ನು ಅವರು ತಪ್ಪೆಂದೇ ಕರೆಯುವುದನ್ನು ಬಿಡಲಿಲ್ಲ, ದೇವರ ಕರುಣೆಯಲ್ಲಿ ಭರವಸೆಯನ್ನೂ ಬಿಡಲಿಲ್ಲ. ತನ್ನ ಕುಂದನ್ನು ಪ್ರತಿದಿನ ಕಾಣುವವನು ಇತರರ ಕುಂದನ್ನು ಕಂಡು ರೇಗುವುದಿಲ್ಲ. ಅವರ ಮುಖದ ಆ ಪ್ರಸಿದ್ಧ ಮಂದಹಾಸದ ಮೂಲ ಬಹುಶಃ ಇಲ್ಲಿಯೇ ಇತ್ತು.

ದಿನಚರಿಯಲ್ಲಿ ಒಂದು ಅಪಾಯವೂ ಇದೆ. ನೆರೆಯವರು ಏನೆಂದರು, ಓರಗಿತ್ತಿ ಹೇಗೆ ನಡೆದುಕೊಂಡಳು, ಅಣ್ಣತಮ್ಮಂದಿರು ಪಾಲಿನಲ್ಲಿ ಹೇಗೆ ಮೋಸಮಾಡಿದರು ಎಂದು ಬರೆಯುತ್ತಾ ಹೋದರೆ ಅದು ಸೇಡಿನ ಕಡತವಾಗುತ್ತದೆ. ಸಂತ ಜಾನ್ ಅವರ ಪುಸ್ತಕದ ಕ್ರಮ ಬೇರೆ. ಅಲ್ಲಿ ವಿಚಾರಣೆಗೆ ಒಳಗಾಗುವವನು ಬರೆಯುವವನೇ. ತೀರ್ಪು ಕೊಡುವವನು ದೇವರು.

ಕುಟುಂಬ ಪ್ರಾರ್ಥನೆ ಮುಗಿದ ಮೇಲೆ, ಟಿ.ವಿ. ಅಥವಾ ಮೊಬೈಲಿನತ್ತ ಕೈ ಚಾಚುವ ಮುನ್ನ, ಐದು ನಿಮಿಷ ಸಾಕು. ಇಂದು ದೇವರು ಕೊಟ್ಟ ಒಂದು ಒಳಿತು, ನಾನು ಮಾಡಿದ ಒಂದು ತಪ್ಪು, ನಾಳೆಗೊಂದು ಸಣ್ಣ ಸಂಕಲ್ಪ, ಹೀಗೆ ಮೂರು ಸಾಲು. ಮಕ್ಕಳಿಗೂ ಇದನ್ನು ಕಲಿಸಬಹುದು. ಆದರೆ ಮಕ್ಕಳು ಬರೆದುದನ್ನು ಹಿರಿಯರು ಕದ್ದು ಓದಬಾರದು. ಪಾಪನಿವೇದನೆಗೆ ಸಿದ್ಧರಾಗುವಾಗ ಏನು ಹೇಳಬೇಕೆಂದು ತೋಚದೆ ತಡಕಾಡುವವರಿಗೆ ಈ ಪುಟಗಳೇ ನೆರವಾಗುತ್ತವೆ.

ಜನವರಿಯಲ್ಲಿ ಆರಂಭಿಸಿ ನಿಲ್ಲಿಸಿದ ಡೈರಿ ನಿಮ್ಮ ಮನೆಯ ಯಾವುದೋ ಕಪಾಟಿನಲ್ಲಿರಬಹುದು. ಸಂತರ ಆತ್ಮಿಕ ಟಿಪ್ಪಣಿಗಳಲ್ಲಿಯೂ ತಿಂಗಳುಗಟ್ಟಲೆ ಬರೆಹವಿಲ್ಲದ ಅಂತರಗಳಿವೆ. ಪ್ರತಿ ಅಂತರದ ಬಳಿಕವೂ ಅವರು ನಾಚಿಕೆಪಡದೆ ಮುಂದಿನ ಪುಟಕ್ಕೆ ದಿನಾಂಕ ಹಾಕಿದರು. ಹಾಲಿನ ಲೆಕ್ಕದ ಮುಂದಿನ ಪುಟ ಇನ್ನೂ ಖಾಲಿಯಿದ್ದರೆ, ಇಂದಿನ ದಿನಾಂಕವನ್ನು ಅದರಲ್ಲಿ ಹಾಕೋಣ.